ಕೂದಲಲ್ಲಿ ಉಳಿದ ಗುಲಾಬಿ

ಸುಗಂಧದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಮೂಗಿನ ಹತ್ತಿರ ತಂದವಳು ಉಸಿರೆಳೆಯುವುದನ್ನೇ ಮರೆತು ಕಾರ್ಖಾನೆಯ ಕಿಟಕಿಯ ಮುಂದೆ ನಿಂತುಬಿಟ್ಟಿದ್ದಳು. ನಿನ್ನೆ ಸಂಜೆಯದೇ ಮನಸ್ಸಿನಲ್ಲಿತ್ತು. ಅವಳು ಮನೆಯ ಬಾಗಿಲು ತೆರೆದು ಒಳಗೆ ಕಾಲಿಡುವ ಹೊತ್ತಿಗೆ ಗಂಡ ಓದುತ್ತಿದ್ದ ಪತ್ರಿಕೆಯನ್ನು ಮಡಚಿ ಬದಿಗಿಟ್ಟಿದ್ದ. ಬಂದೆಯಾ ಎಂದು ನಕ್ಕ. ಚಪ್ಪಲಿ ಮೆಟ್ಟಿಕೊಂಡ. ಸ್ವಲ್ಪ ಗಾಳಿಗೆ ಹೋಗಿಬರುತ್ತೇನೆ ಎಂದು, ಅವಳ ಬಟ್ಟೆಯ ಅಂಚೂ ತಾಗದ ಹಾಗೆ ಸರಿದು ಹೊರಟುಹೋದ. ಜಗಳವಾಡಿದ್ದಿದ್ದರೆ ಅದಕ್ಕೊಂದು ಕಾರಣ ಹುಡುಕಬಹುದಿತ್ತು. ಆ ನಗು ಮಾತ್ರ ಅವಳನ್ನು ಚುಚ್ಚುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುವಾಗ ನಮ್ಮ ಮನಸ್ಸಿಗೆ ನೋವಾಗದಿರಲಿ ಎಂದು ನಗುವಂಥ ನಗು. ಎಷ್ಟು ಕಾಲದಿಂದ ಹೀಗೆ ನಡೆಯುತ್ತಿದೆ? ಒಂದು ಸಲ ನೆಗಡಿಯೆಂದು ಎದ್ದು ಹೋಗಿದ್ದ. ಇನ್ನೊಂದು ಸಲ ಯಾರನ್ನೋ ನೋಡಬೇಕಿತ್ತು. ಆಮೇಲೆ ಯಾವಾಗಲೋ ಕಾರಣ ಹೇಳುವುದು ನಿಂತಿತು, ಹೋಗುವುದು ಉಳಿಯಿತು. ಅವಳು ಪಟ್ಟಿಯನ್ನು ಮತ್ತೆ ಮೂಗಿಗೆ ಹಿಡಿದಳು. ಗುಲಾಬಿ ಇತ್ತು. ಬೆಳಿಗ್ಗೆ ಅದ್ದಿದ್ದಲ್ಲ, ಕಳೆದ ವಾರ ಅದ್ದಿ ಒಣಗಲು ಬಿಟ್ಟ ಪಟ್ಟಿ ಅದು. ಆದರೂ ಇತ್ತು.

ಸೋಪಿಗೆ, ಪೌಡರಿಗೆ, ತಲೆಗೆ ಹಚ್ಚುವ ಎಣ್ಣೆಗೆ ಸುಗಂಧ ಮಾಡಿಕೊಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಮ್ಮ ಎಂದು ಕರೆಯುತ್ತಿದ್ದರು. ಮೂಗು ಚುರುಕಾಗಿರುವುದಕ್ಕೋ, ಮಾತು ಕಡಿಮೆ ಇರುವುದಕ್ಕೋ ಎಂದು ಯಾರೋ ತಮಾಷೆ ಮಾಡಿದ್ದರು. ಎರಡಕ್ಕೂ ಎಂದು ಅವಳೇ ಹೇಳಿದ್ದಳು. ಕೆಲಸಕ್ಕೆ ಸೇರಿದಾಗಿನಿಂದ ಬೇರೆಯವರು ಕಟ್ಟಿದ ಸುಗಂಧಗಳನ್ನು ತಿದ್ದುವುದೇ ಅವಳ ಪಾಲಿಗೆ ಬಂದಿತ್ತು. ಇದರಲ್ಲಿ ನಿಂಬೆ ಜಾಸ್ತಿಯಾಯಿತು, ಅದರಲ್ಲಿ ಸೋಪಿನ ಕೊಬ್ಬಿನ ನಾತ ಮುಚ್ಚಿಲ್ಲ, ಇಂಥವು. ಈ ಗುಲಾಬಿ ಮಾತ್ರ ಮೊದಲ ಹನಿಯಿಂದ ಅವಳದು. ಅದಕ್ಕೆ ಅವಳು ಬಳಸಿದ್ದು ಗುಲಾಬಿ ಹರಳು. ಹೂವಿಗೂ ಅದಕ್ಕೂ ಸಂಬಂಧವಿಲ್ಲ, ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ ರಾಸಾಯನಿಕ. ನೋಡಲು ಕಲ್ಲುಸಕ್ಕರೆಯನ್ನು ಕುಟ್ಟಿದ ಹಾಗೆ ಬೆಳ್ಳಗೆ. ಡಬ್ಬ ತೆರೆದು ಮೂಸಿದರೆ ಹೊಸಬರು ಇದರಲ್ಲಿ ಏನಿದೆ ಎಂದು ಮುಖ ನೋಡುತ್ತಾರೆ. ಅಷ್ಟು ಮೆಲ್ಲಗಿನ ವಾಸನೆ. ಅದರ ಗುಣವಿರುವುದು ತಾಳ್ಮೆಯಲ್ಲಿ. ತಣ್ಣಗಿದ್ದರೆ ಕರಗುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು, ಬೇರೆ ದ್ರವಗಳ ಜೊತೆ ಗಾಜಿನ ಕಡ್ಡಿಯಿಂದ ತಿರುವುತ್ತ ಕೂತಿರಬೇಕು. ಒಮ್ಮೆ ಕರಗಿ ಬೆರೆತರೆ ಮಾತ್ರ, ಬೇಗ ಹಾರಿಹೋಗುವ ಪರಿಮಳಗಳನ್ನೂ ಹಿಡಿದು ಕೂರಿಸುತ್ತದೆ. ಸೋಪು ಸವೆದು ಬಿಲ್ಲೆಯಾಗುವವರೆಗೂ ಗುಲಾಬಿ ಹೋಗುವುದಿಲ್ಲ. ಹರಳು ತೂಗುವಾಗ ಏಳುವ ನವಿರಾದ ಪುಡಿ, ತಿರುವುವಾಗ ಏಳುವ ಹಬೆ ಎಲ್ಲ ಮೈಮೇಲೆಯೇ. ತಲೆಗೆ ಟೋಪಿ ಹಾಕಿಕೊಳ್ಳಬೇಕೆಂಬ ನಿಯಮವೇನೋ ಇತ್ತು. ನೆತ್ತಿ ಬೆವರಿ ಕಡಿಯುತ್ತದೆಂದು ಅವಳು ಅದನ್ನು ಮೊಳೆಗೆ ನೇತುಹಾಕಿಯೇ ಬಿಟ್ಟಿದ್ದಳು.

ಮೊದಲೆಲ್ಲ ನಿಂಬೆ, ಕಿತ್ತಳೆಗಳ ಕೆಲಸ. ಅವು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಮೈಯಿಂದ ಕಳಚಿಹೋಗುತ್ತಿದ್ದವು. ಆಗ ಗಂಡ ಶಾಲೆಯ ಪಾಠ ಮುಗಿಸಿ, ಅಂಗಿಯ ತೋಳಿನ ಮೇಲೆ ಸೀಮೆಸುಣ್ಣ ಹಾಗೇ ಇರುವಂತೆ, ಸ್ಟಾಪಿನಲ್ಲಿ ಕಾದಿರುತ್ತಿದ್ದ. ಜನ ಕಡಿಮೆಯಾದ ಬೀದಿಗೆ ತಿರುಗಿದ ಮೇಲೆ ಅವಳ ಕಿವಿಯ ಹತ್ತಿರ ಬಾಗಿ ಮೂಸಿ, ಇವತ್ತು ಪುದೀನ ಎನ್ನುತ್ತಿದ್ದ. ಅವಳು ಲವಂಗದ ಕೆಲಸ ಮಾಡಿ ಬಂದಿರುತ್ತಿದ್ದಳು. ಲೆಕ್ಕ ಕಲಿಸುವ ಮನುಷ್ಯನಿಗೆ ಒಂದು ದಿನವಾದರೂ ಉತ್ತರ ಸರಿಬಂದದ್ದಿಲ್ಲ. ಬೇಕೆಂದೇ ತಪ್ಪು ಹೇಳುತ್ತಿದ್ದನೇನೋ ಎಂದು ಈಗ ಅನ್ನಿಸಿ, ಕಡ್ಡಿ ತಿರುವುತ್ತಿದ್ದ ಕೈ ನಿಂತಿತು. ಆ ಮೂಗು ಈಗ ಅವಳ ಹತ್ತಿರ ಬರುವುದಿಲ್ಲ. ಹಾಸಿಗೆಯಲ್ಲಿ ಕಿಟಕಿಯ ಕಡೆ ಮಗ್ಗುಲಾಗಿ ಮಲಗುತ್ತಾನೆ. ವಯಸ್ಸಾಯಿತು, ಎಲ್ಲರ ಮನೆಯಲ್ಲೂ ಹೀಗೇ ಇರಬಹುದು ಎಂದುಕೊಂಡಳು. ಆದರೆ ಬೇರೆಯವರ ಮನೆಯ ಹಾಸಿಗೆಯ ಸುದ್ದಿ ಅವಳಿಗೇನು ಗೊತ್ತು? ಕನ್ನಡಿಯಲ್ಲಿ ಕತ್ತಿನ ಕೆಳಗೆ ಜೋತ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ್ದು ನೆನಪಾಯಿತು. ಹಾಗೆ ನೋಡುವಾಗ ಅವನು ಹಿಂದಿನಿಂದ ಹಾದುಹೋಗಿದ್ದ, ಮತ್ತು ಏನೂ ಕಾಣದವನಂತೆ ಇದ್ದ. ಆ ನಾಚಿಕೆ ಇವತ್ತಿಗೂ ಬಿಸಿಯಾಗಿತ್ತು.

ಮಧ್ಯಾಹ್ನ ಕಾರ್ಖಾನೆಯ ಯಜಮಾನರು ಬಾಗಿಲಲ್ಲಿ ನಿಂತು ಕೆಮ್ಮಿದರು. ಅವರು ಒಳ್ಳೆಯ ಸುದ್ದಿ ತಂದಾಗ ಕೆಮ್ಮುವ ಜಾತಿ. ಕೆಟ್ಟದ್ದಾದರೆ ನೇರವಾಗಿ ಹೇಳಿಬಿಡುತ್ತಿದ್ದರು. ಸೋಪಿನವರಿಗೆ ಗುಲಾಬಿ ಹಿಡಿಸಿತಂತೆ. ಸಣ್ಣಪುಟ್ಟ ತಿದ್ದುಪಡಿ ಹೇಳಿದ್ದಾರೆ, ಕೊನೆಯ ಹದ ಬರುವವರೆಗೆ ಮೂಗಮ್ಮ ತೂಕದ ಕೋಣೆ ಬಿಟ್ಟು ಕದಲಬಾರದು ಎಂದರು. ಪಕ್ಕದ ಮೇಜಿನ ಸಹೋದ್ಯೋಗಿ, ದಪ್ಪ ಗಾಜಿನ ದೆಸೆಯಿಂದ ಕನ್ನಡಕದವಳು ಎಂದೇ ಹೆಸರಾದವಳು, ಎದ್ದು ಬಂದು ಅವಳ ಕೈ ಕುಲುಕಿದಳು. ಇವಳಿಗೆ ತಟ್ಟನೆ ಬಂದ ಯೋಚನೆ, ಇವತ್ತು ಗಂಡ ಎದ್ದು ಹೋಗುವ ಮೊದಲೇ ಹೇಳಿಬಿಡಬೇಕು ಎಂಬುದು. ಅಷ್ಟು ಸಂತೋಷದಲ್ಲೂ ಮೊದಲು ಬಂದದ್ದು ಅವನು ಎದ್ದು ಹೋಗುವ ಚಿತ್ರವೇ ಎಂದು ಆಮೇಲೆ ಹೊಳೆದು ಮುಖ ಸಣ್ಣದಾಯಿತು.

ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಮೂಗಿನ ಹತ್ತಿರ ಕೈ ಆಡಿಸಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದಳು. ಸಿಟ್ಟಿನಿಂದಲ್ಲ, ಸೊಳ್ಳೆ ಓಡಿಸುವಷ್ಟೇ ಸಹಜವಾಗಿ. ಇವಳು ತನ್ನ ಸ್ಟಾಪು ಬಂದಿತೇನೋ ಎಂಬಂತೆ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಇಳಿಯಬೇಕಾದ ಸ್ಟಾಪು ಇನ್ನೂ ಬಹಳ ದೂರವಿತ್ತು. ತನ್ನ ಮೈಯಿಂದ ಯಾವ ವಾಸನೆ ಬರುತ್ತಿದೆಯೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ದಿನವಿಡೀ ಅದರಲ್ಲೇ ಇದ್ದ ಮೂಗು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೈ ಮೂಸಿಕೊಂಡಳು. ಕಂಬಿಯ ಕಬ್ಬಿಣದ ವಾಸನೆ ಮಾತ್ರ ಸಿಕ್ಕಿತು.

ಮನೆಯ ಬಾಗಿಲು ತೆರೆದಾಗ ಅವನು ಆಗಲೇ ಎದ್ದು ನಿಂತಿದ್ದ. ಬಂದೆಯಾ ಎಂದ. ಅವಳು ಒಂದು ವಿಷಯ ಎಂದು ಶುರುಮಾಡಿದಳು. ಬಂದ ಮೇಲೆ ಕೇಳುತ್ತೇನೆ, ಈಗ ಬಂದೆ ಎಂದು ಅವನು ಮಾತು ಮುಗಿಯುವ ಮೊದಲೇ ಹೊಸ್ತಿಲು ದಾಟಿದ. ಟೀಪಾಯಿಯ ಮೇಲೆ ಅವಳಿಗೆಂದು ಟೀ ಮುಚ್ಚಿಟ್ಟಿತ್ತು, ಇನ್ನೂ ಬಿಸಿಯಾಗಿತ್ತು. ಟೀ ಮಾಡಿಡುವಷ್ಟು ಅಕ್ಕರೆ, ಜೊತೆಗೆ ಕೂರದಷ್ಟು ಬೇಸರ, ಎರಡೂ ಒಬ್ಬನೊಳಗೆ ಹೇಗಿರುತ್ತವೆ? ಅವಳು ಟೀ ಮುಟ್ಟಲಿಲ್ಲ. ಈ ದಿನವಾದರೂ ಹೇಳಿಯೇ ತೀರಬೇಕೆಂದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದಳು.

ಅವರದು ಮೇಲಿನ ಮಹಡಿ. ಕೆಳಗಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು, ಟೈಲರಮ್ಮ. ನಡುವೆ ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿ. ಅವಳು ಮೇಲಿನಿಂದ ಬಗ್ಗಿ ನೋಡಿದಾಗ ಮೊದಲು ಕಂಡದ್ದು ಟೈಲರಮ್ಮನ ಕೈ. ಅದು ಅವನ ಬೆನ್ನಿನ ಮೇಲಿತ್ತು, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಅವಳ ಕಾಲು ಅಲ್ಲೇ ನಿಂತಿತು. ಓ, ಇದು ಇಷ್ಟೇ ಏನು ಎಂದು ಮನಸ್ಸಿನಲ್ಲಿ ಯಾರೋ ತಣ್ಣಗೆ ಅಂದರು. ಟೈಲರಮ್ಮನ ನೆರೆತ ಕೂದಲು, ಊದಿದ ಪಾದ, ಕುತ್ತಿಗೆಗೆ ಸುತ್ತಿಕೊಂಡ ಅಳತೆಯ ಟೇಪು ಎಲ್ಲ ಕಾಣುತ್ತಿದ್ದರೂ ಆ ಕ್ಷಣ ಅವಳು ನಂಬಬಾರದ್ದನ್ನೆಲ್ಲ ನಂಬಿದಳು. ಆಮೇಲೆ ಸದ್ದು ಕೇಳಿಸಿತು. ಮುಚ್ಚಿದ ಬಾಗಿಲ ಸಂದಿನಲ್ಲಿ ಗಾಳಿ ನುಗ್ಗುವಂಥ, ಎಳೆದೆಳೆದು ಬರುವ ಸಿಳ್ಳು. ಅವನು ಎರಡು ಕೈಯನ್ನೂ ಕಿಟಕಿಯ ಕಟ್ಟೆಗೆ ಊರಿ, ಹೆಗಲೆತ್ತಿ, ಹೊರಗಿನ ಗಾಳಿಯನ್ನು ಬಾಯಿಂದ ಕುಡಿಯುತ್ತಿದ್ದ. ಅವನ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನೀರಿನ ಲೋಟ. ಈಗ ತಂದದ್ದಲ್ಲ, ಅಲ್ಲೇ ಇರುವ ಅಭ್ಯಾಸವಾದ ಸ್ಟೂಲು.

ಅವಳನ್ನು ಕಂಡವನೇ ನೆಟ್ಟಗಾಗಲು ನೋಡಿದ. ಅದೇ ನಗು ತರಿಸಿಕೊಂಡ. ಮೆಟ್ಟಿಲು ಬೇಗ ಇಳಿದುಬಿಟ್ಟೆ ಎಂದೋ ಏನೋ ಹೇಳಲು ಹೋಗಿ ಉಸಿರು ಸಾಲದೆ ಅರ್ಧಕ್ಕೆ ಬಿಟ್ಟ. ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ದಾರದ ತುಂಡನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು.

"ಇನ್ನು ನನ್ನಿಂದ ಆಗಲ್ಲ ಮೇಷ್ಟ್ರೇ, ಬೈದ್ರೂ ಸರಿ," ಎಂದಳು. ಆಮೇಲೆ ಅವಳ ಕಡೆ ತಿರುಗಿ, "ನೀವು ತಪ್ಪು ತಿಳ್ಕೋಬೇಡಿ ತಾಯಿ. ನಿಮ್ಮ ಮೈಮೇಲಿನ ವಾಸನೆ ಇವರ ಎದೆಗೆ ಆಗ್ತಿಲ್ಲ. ದಿನಾ ನೀವು ಮೇಲೆ ಹೋದ ಮೇಲೆ ಇಲ್ಲಿ ಬಂದು ಹೀಗೇ ನಿಂತ್ಕೋತಾರೆ. ನಿಮಗೆ ಹೇಳಬಾರದು ಅಂತ ನನ್ನ ಕೈಲಿ ಮಾತು ತಗೊಂಡಿದಾರೆ."

ಅವಳು ಹತ್ತಿರ ಹೋಗಲು ಒಂದು ಮೆಟ್ಟಿಲು ಇಳಿದಳು. ಇಳಿದವಳು ಮತ್ತೆ ಹಿಂದಕ್ಕೆ ಹತ್ತಿದಳು. ಗಂಡ ಉಸಿರಿಗೆ ಒದ್ದಾಡುತ್ತಿರುವಾಗ ಹತ್ತಿರ ಹೋಗಬಾರದವಳು ತಾನೊಬ್ಬಳೇ ಎಂದು ಆ ಒಂದು ಮೆಟ್ಟಿಲಲ್ಲಿ ಅವಳಿಗೆ ಅರ್ಥವಾಯಿತು. ಬೇರೆಯವಳ ಕೈ ಅವನ ಬೆನ್ನನ್ನು ಸವರುತ್ತಿರುವಂತೆಯೇ ಅವಳು ಮೇಲೆ ಓಡಿದಳು, ಬಚ್ಚಲ ಬಾಗಿಲು ಹಾಕಿಕೊಂಡು ಉಟ್ಟ ಬಟ್ಟೆಯನ್ನೆಲ್ಲ ಕಿತ್ತು ಬಕೆಟ್ಟಿಗೆ ತುರುಕಿ, ಮೊಣಕೈ, ಕತ್ತು, ಕಿವಿಯ ಹಿಂದೆ ಎಲ್ಲ ಉಜ್ಜತೊಡಗಿದಳು. ಚರ್ಮ ಕೆಂಪಾಯಿತು. ಹೋಯಿತೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ. ಊರಿನ ಸೋಪಿಗೆಲ್ಲ ವಾಸನೆ ಕಟ್ಟಿಕೊಟ್ಟ ಮೂಗು ತನ್ನ ಮೈಯನ್ನು ಮಾತ್ರ ಮೂಸಲಾರದೆ ಹೋಯಿತು. ಅವಳಿಗೆ ಅಳು ಬಂದದ್ದು ಅದಕ್ಕೋ, ಅಥವಾ ಟೈಲರಮ್ಮನಂಥವಳ ಮೇಲೆ ಆ ಒಂದು ಕ್ಷಣ ಪಟ್ಟ ಅನುಮಾನಕ್ಕೋ ಹೇಳುವುದು ಕಷ್ಟ.

ಬಹಳ ಹೊತ್ತಿನ ಮೇಲೆ ಬಾಗಿಲಾಚೆ ಅವನ ಉಸಿರು ಕೇಳಿಸಿತು. ಸಿಳ್ಳು ಇಳಿದಿತ್ತು.

"ಟೀ ಆರಿಹೋಯ್ತು ಕಣೇ," ಎಂದ.

"ಅಲ್ಲೇ ನಿಂತ್ಕೋಬೇಡಿ. ದೂರ ಹೋಗಿ."

"ಬಾಗಿಲು ಹಾಕಿದೆಯಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬಿಟ್ಟುಬಿಡ್ತಿದ್ದೆ."

"ಬಿಡ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವಳು ತಣ್ಣೀರಿನ ಕೊಳಾಯಿ ನಿಲ್ಲಿಸಿದಳು. ಅವನು ಬಾಗಿಲಿಗೆ ಒರಗಿ ಕೂತನೆಂದು ಮರದ ಸದ್ದಿನಿಂದ ತಿಳಿಯಿತು. ಈ ಗುಲಾಬಿ ಶುರುವಾದ ಮೇಲೆ ನಿನ್ನ ನಡಿಗೆಯೇ ಬೇರೆಯಾಗಿತ್ತು, ರಾತ್ರಿ ಊಟ ಮಾಡುವಾಗ ನೀನಾಗಿ ಮಾತಾಡುತ್ತಿದ್ದೆ, ಅದನ್ನು ಹೇಗೆ ಕೆಡಿಸಲಿ ಎಂದೆಲ್ಲ ಅವನು ಬಿಟ್ಟು ಬಿಟ್ಟು ಹೇಳಿದ. ನೀನು ಮೈ ತೊಳೆದು ಬಟ್ಟೆ ಬದಲಿಸುವಷ್ಟು ಹೊತ್ತು ಹೊರಗಿದ್ದರೆ ಆಮೇಲೆ ತಡೆದುಕೊಳ್ಳಬಹುದಾಗಿತ್ತು, ಕಿಟಕಿಯ ಕಡೆ ಮಲಗಿದರಾಯಿತು ಎಂದ. ಎಲ್ಲ ಸೀಮೆಸುಣ್ಣದ ಧೂಳು ಕುಡಿದ ಎದೆಯ ತಪ್ಪು, ನಿನ್ನದಲ್ಲ ಎಂದೂ ಸೇರಿಸಿದ. ಅವಳಿಗೆ ಅವನ ಮೇಲೆ ಹಿಂದೆಂದೂ ಬಾರದಷ್ಟು ಕೋಪ ಬಂತು. ಆ ಕೋಪದ ಅಡಿಯಲ್ಲೇ ಒಂದು ಹಗುರ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಹಗುರ.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಂದಳು.

"ಏನು?"

"ನನ್ನ ಮುಖ ನೋಡಿದ್ರೆ ನಿಮಗೆ ಆಗಲ್ಲ ಅಂತ."

ಅವನು ನಗಲು ಹೋಗಿ ಕೆಮ್ಮಿದ. ಅವಳು ಬೇರೆ ಬಟ್ಟೆ ಉಟ್ಟು, ಬಕೆಟ್ಟಿನ ಮೇಲೆ ಮಣೆ ಮುಚ್ಚಿ, ಅವನ ಕಡೆ ಗಾಳಿ ಬೀಸದಂತೆ ಬಾಗಿಲನ್ನು ಸಣ್ಣಗೆ ತೆರೆದು ಆಚೆ ಬಂದಾಗ ಅವನು ಇನ್ನೂ ನೆಲದ ಮೇಲೆ ಕೂತಿದ್ದ, ಕಣ್ಣು ಒದ್ದೆಯಾಗಿತ್ತು. ಕೆಮ್ಮಿದ್ದಕ್ಕೆ ಎಂದ. ಆಗ ಅವಳು ಸೋಪಿನವರಿಗೆ ಗುಲಾಬಿ ಹಿಡಿಸಿದ ಸುದ್ದಿ ಹೇಳಿದಳು. ಹೇಳುವ ಹೊತ್ತಿಗೆ ಅದು ಬೇರೆ ಯಾರಿಗೋ ಆದ ಒಳ್ಳೆಯದರಂತೆ ಕೇಳಿಸಿತು.

ಮಾರನೆಯ ದಿನ ಅವಳು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಉಸಿರೆಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಹರಳಿನಲ್ಲಿ ವಿಷವೇನೂ ಇರಬೇಕಿಲ್ಲ, ಇಂಥ ಎದೆಗೆ ಯಾವ ಗಾಢವಾಸನೆಯೂ ಆಗಿಬರುವುದಿಲ್ಲ, ಹೀಗೆ ಮುಚ್ಚಿಟ್ಟುಕೊಂಡೇ ಇದ್ದಿದ್ದರೆ ಒಂದು ದಿನ ಕಿಟಕಿಯ ಗಾಳಿ ಸಾಲುತ್ತಿರಲಿಲ್ಲ ಎಂದು ಅವನನ್ನು ಗದರಿದರು. ಅವನು ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ಕೂತಿದ್ದ. ಗದರಿಕೆಯ ಅರ್ಧ ತನಗೆ ಸೇರಿದ್ದೆಂದು ಅವಳೂ ತಲೆ ತಗ್ಗಿಸಿದಳು. ಆ ರಾತ್ರಿಯಿಂದ ಅವಳು ಹಾಸಿಗೆಯನ್ನು ಹೊರಗಿನ ಕೋಣೆಯಲ್ಲಿ ಹಾಸಿಕೊಂಡಳು.

ಕೆಲಸ ಬಿಡುತ್ತೇನೆಂದು ಹೇಳಲೆಂದೇ ಅವಳು ಯಜಮಾನರ ಕೋಣೆಗೆ ಹೋದದ್ದು. ಆದರೆ ಅಲ್ಲಿ ನಿಂತಾಗ ಅವನು ನೆಲದ ಮೇಲೆ ಕೂತದ್ದು ಕಣ್ಣ ಮುಂದೆ ಬಂತು. ಇಷ್ಟು ಕಾಲ ಅವನು ಕಾಪಾಡಿಕೊಂಡು ಬಂದದ್ದನ್ನು ಹೀಗೆ ಬಿಸಾಡಿ ಮನೆಗೆ ಹೋದರೆ ಅವನ ಮುಖ ಹೇಗೆ ನೋಡುವುದು? ತೂಕದ ಕೋಣೆಗೆ ಇನ್ನು ಹೋಗುವುದಿಲ್ಲ, ಪಟ್ಟಿ ಮೂಸಿ ಹೇಳುವ ಕೆಲಸ ಮಾತ್ರ ಮಾಡುತ್ತೇನೆ ಎಂದಳು. ಯಜಮಾನರು ಕೆಮ್ಮಲಿಲ್ಲ. ಹಾಗಾದರೆ ಗುಲಾಬಿಯ ಕೊನೆಯ ಹದ ಕನ್ನಡಕದವಳ ಕೈಗೆ ಹೋಗುತ್ತದೆ, ನಾಳೆ ಅದು ಅವಳದು ಅನ್ನಿಸಿಕೊಂಡರೆ ನನ್ನ ಹತ್ತಿರ ಬಂದು ಅಳಬೇಡಿ ಎಂದು ನೇರವಾಗಿ ಹೇಳಿದರು. ಆಗಲಿ ಎಂದಳು. ಹೇಳುವುದು ಸುಲಭವಾಗಿತ್ತು. ಆಮೇಲೆ ಒಂದು ಇಡೀ ದಿನ ಕನ್ನಡಕದವಳ ಪಕ್ಕದಲ್ಲಿ ಕೂತು ಹರಳನ್ನು ಎಷ್ಟು ಬಿಸಿಗೆ ಬಿಡಬೇಕು, ಯಾವುದನ್ನು ಯಾವುದರ ಹಿಂದೆ ಹಾಕಬೇಕು ಎಂದು ತೋರಿಸಿಕೊಡುವಾಗ ಕಷ್ಟವಾಯಿತು. ಕನ್ನಡಕದವಳು ಇಲ್ಲಿ ಲವಂಗ ಒಂದು ಚೂರು ಏರಿಸಿದರೆ ಹೇಗೆ ಎಂದು ಕೇಳಿದಳು. ಬೇಡ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮಾಡಿ ನೋಡು ಎಂದಳು. ಚೆನ್ನಾಗಿಯೇ ಇತ್ತು. ಅವಳ ಗುಲಾಬಿಯಲ್ಲ, ಅಷ್ಟೇ.

ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಮನೆಯಿಂದ ಕಟ್ಟಿ ತಂದ ಬೇರೆ ಬಟ್ಟೆ ಉಟ್ಟು ಅವಳು ಸಂಜೆ ಬಂದಳು. ಅವನು ಏಳಲಿಲ್ಲ. ಪತ್ರಿಕೆಯನ್ನು ಮೊಣಕಾಲ ಮೇಲೆ ಇಟ್ಟ. ಇಬ್ಬರೂ ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಟೀ ಕುಡಿದರು. ಲೋಟ ಕೆಳಗಿಡುವಷ್ಟರಲ್ಲಿ ಅವನ ಎದೆಯಲ್ಲಿ ಸಣ್ಣದಾಗಿ ಸಿಳ್ಳು ಶುರುವಾಯಿತು. ಏನಿಲ್ಲ ಎಂದ. ಅವಳು ಎದ್ದು ಹೋಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡಿದಳು. ಸ್ನಾನದಲ್ಲಿ ತಲೆಗೂ ನೀರು ಹಾಕಿಕೊಂಡಿದ್ದಳು. ಆದರೆ ಸೊಂಟ ಮುಟ್ಟುವ ಆ ಕೂದಲಿನಲ್ಲಿ ತಿಂಗಳುಗಟ್ಟಲೆ ಕೂತ ಗುಲಾಬಿ ಒಂದು ಸ್ನಾನಕ್ಕೆ ಕದಲುತ್ತದೆಯೇ? ಹಾಗೆ ಕದಲದಿರಲಿ ಎಂದೇ ತಾನೇ ಕಟ್ಟಿದ್ದಲ್ಲವೆ?

ರಜೆಯ ದಿನ ಬೆಳಿಗ್ಗೆ, ಅವನು ತರಕಾರಿಗೆ ಹೋದಾಗ, ಅವಳು ಕೆಳಗಿಳಿದು ಟೈಲರಮ್ಮನ ಮುಂದೆ ಬೆನ್ನು ಹಾಕಿ ಕೂತು, ಕಿವಿಯವರೆಗೆ ಕತ್ತರಿಸಿಬಿಡಿ ಎಂದಳು. ಟೈಲರಮ್ಮ ಜಡೆಯನ್ನು ಕೈಯಲ್ಲಿ ತೂಗಿ ನೋಡಿದಳು, ಕತ್ತರಿ ತೆಗೆದಳು, ಮತ್ತೆ ಕೆಳಗಿಟ್ಟಳು.

"ಮೇಷ್ಟ್ರಿಗೆ ಹೇಳಿದೀರಾ?"

"ನನ್ನ ಕೂದಲಿಗೆ ಅವರನ್ನ ಏನು ಕೇಳೋದು? ಅವರ ಒಳ್ಳೇದಕ್ಕೇ ತಾನೆ."

"ಅವರೂ ಇದೇ ಮಾತು ಹೇಳ್ತಿದ್ರು," ಎಂದಳು ಟೈಲರಮ್ಮ. ವ್ಯಂಗ್ಯವೇನೂ ಇರಲಿಲ್ಲ; ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದಳು.

ಅವಳು ಜಡೆಯನ್ನು ಬೆನ್ನಿಗೆ ಹಾಕಿಕೊಂಡು ಎದ್ದು ಮೇಲೆ ಬಂದಳು. ಅವನು ಚೀಲದಿಂದ ತರಕಾರಿ ತೆಗೆದು ಹರವುತ್ತಿದ್ದ. ಬಾಗಿಲಲ್ಲೇ ನಿಂತು, ಕೂದಲು ಕತ್ತರಿಸಿಕೊಳ್ಳಬೇಕೆಂದಿದ್ದೇನೆ, ವಾಸನೆ ಅದರಲ್ಲೇ ಇರುವುದು, ನಿಮಗೆ ಹೇಳದೆ ಹೋಗಿದ್ದೆ ಎಂದು ಒಂದೇ ಉಸಿರಿಗೆ ಹೇಳಿದಳು. ಅವನು ಕೈಯೊರೆಸಿಕೊಂಡು ಅವಳನ್ನು ನೋಡಿದ. ಕತ್ತರಿಸಬೇಕೆಂದರೆ ಕತ್ತರಿಸು, ಅದು ನಿನ್ನದು ಎಂದ. ಆಮೇಲೆ, ಅದಕ್ಕೆ ಮೊದಲು ಒಂದು ಸಲ ಚೆನ್ನಾಗಿ ತೊಳೆದು ನೋಡೋಣ, ನೀನು ತೊಳೆದುಕೊಂಡರೆ ನಿನಗೆ ಹಿಂದಲೆ ಕಾಣುವುದಿಲ್ಲ ಎಂದು ಹೇಳಿ ನೀರು ಕಾಯಿಸಲು ಇಟ್ಟ.

ಬೇಡವೆಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಪಂಪನ್ನು ಎರಡು ಸಲ ಎಳೆದುಕೊಂಡ. ಟವೆಲ್ಲನ್ನು ನೀರಿನಲ್ಲಿ ಅದ್ದಿ ಹಿಂಡಿ, ಮೂಗು ಬಾಯಿ ಮುಚ್ಚುವಂತೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡ. ಬ್ಯಾಂಕು ದೋಚಲು ಹೊರಟವರ ಹಾಗೆ ಕಾಣುತ್ತೀರಿ ಎಂದಳು. ಬಚ್ಚಲ ಕಿಟಕಿ, ಬಾಗಿಲು ಎರಡನ್ನೂ ಪೂರ್ತಿ ತೆರೆದಿಟ್ಟು, ಮಣೆಯ ಮೇಲೆ ಅವಳನ್ನು ಕೂರಿಸಿ ತಲೆಯನ್ನು ಮುಂದಕ್ಕೆ ಬಾಗಿಸಿದ. ಅವನ ಕೈ ತನ್ನ ನೆತ್ತಿಯ ಮೇಲೆ ಬಂದು ಎಷ್ಟು ಕಾಲವಾಗಿತ್ತು. ವಾಸನೆಯಿಲ್ಲದ ಸೋಪನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಎಳೆ ಎಳೆಯಾಗಿ ಬಿಡಿಸಿ, ಲೆಕ್ಕದ ಮೇಷ್ಟ್ರ ಕಟ್ಟುನಿಟ್ಟಿನಲ್ಲಿ, ಒಂದು ಭಾಗ ಮುಗಿದ ಮೇಲೆ ಇನ್ನೊಂದನ್ನು ಹಿಡಿಯುತ್ತ ಉಜ್ಜಿದ. ಬೆರಳುಗಳು ಕಿವಿಯ ಹಿಂದೆ ಬಂದಾಗ ಮೆತ್ತಗಾಗುತ್ತಿದ್ದವು. ಚೊಂಬಿನಿಂದ ನೀರು ಸುರಿದ, ಮತ್ತೆ ಸೋಪು ಹಚ್ಚಿದ, ಮತ್ತೆ ಸುರಿದ. ಬೆಚ್ಚನೆಯ ನೀರು ಕೂದಲಿನ ಜೊತೆ ಅವಳ ಮುಖದ ಮೇಲೆ ಇಳಿದು ಗಲ್ಲದ ತುದಿಯಿಂದ ಹರಿಯಿತು. ಬಾಗಿದ ತಲೆಗೆ ಅವನ ಒದ್ದೆ ಪಾದಗಳು, ಮಡಚಿದ ಪ್ಯಾಂಟಿನ ಅಂಚು ಮಾತ್ರ ಕಾಣುತ್ತಿದ್ದವು. ಅವಳು ಕಿವಿಗೊಟ್ಟು ಅವನ ಉಸಿರನ್ನೇ ಕೇಳುತ್ತಿದ್ದಳು. ಒಂದೆರಡು ಕಡೆ ತೊಡರಿದಂತಾಗಿ ಮತ್ತೆ ಸರಿಹೋಗುತ್ತಿತ್ತು. ಸಾಕು, ಹೊರಗೆ ಹೋಗಿ ಎಂದಳು. ಅವನು ಹೋಗಲಿಲ್ಲ.

ಸುರಿಯುತ್ತಿದ್ದ ನೀರಿನ ನಡುವೆ, ಒದ್ದೆ ಟವೆಲಿನೊಳಗಿಂದ ಅವನು ಏನೋ ಹೇಳಿದ.

"ಏನಂದ್ರಿ?"

ಮತ್ತೆ ಹೇಳಿದ. ಟವೆಲಿನಲ್ಲಿ ನೆನೆದ ಮಾತು, ಒಂದಕ್ಷರವೂ ಬಿಡಿಯಾಗಿ ಕೇಳಲಿಲ್ಲ. ನೀರು ಬಿಸಿಯಾಯಿತೇ ಎಂದಿರಬಹುದು, ತಲೆ ಇನ್ನಷ್ಟು ಬಗ್ಗಿಸು ಎಂದಿರಬಹುದು, ಬೇರೆ ಏನಾದರೂ ಇರಬಹುದು. ಇನ್ನೊಮ್ಮೆ ಕೇಳಿದರೆ ಅವನು ಟವೆಲು ಬಿಚ್ಚಿ ಹೇಳಿಯಾನು, ಬಿಚ್ಚಿದರೆ ವಾಸನೆ ಎದೆಗೆ ಹೋದೀತು.

"ಹೂಂ," ಎಂದಳು ಅವಳು, ತಲೆಯನ್ನು ಹಾಗೆಯೇ ಅವನ ಕೈಗೆ ಬಿಟ್ಟು.